ತಂಗಳು: ಕನ್ನಡ ಮನೆವಾರ್ತೆಯ ಒಂದು ಅಧ್ಯಾಯ

ಅರಮನೆಯ ಅಡಿಗೆಗೆ ಗ್ರಂಥಗಳುಂಟು. ಸಾಮಾನ್ಯರ ಒಲೆಗೆ ಅಂತಹ ಗ್ರಂಥವಿಲ್ಲ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ಕ್ರಿ. ಶ. 1130ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಅನ್ನಭೋಗವೆಂಬ ಪ್ರಕರಣವೇ ಇರುವುದು. ಹದಿನಾರನೆಯ ಶತಮಾನದ ಆದಿಭಾಗದಲ್ಲಿ ಮೂರನೆಯ ಮಂಗರಸನು ಸೂಪಶಾಸ್ತ್ರವನ್ನು ಷಟ್ಪದಿಯಲ್ಲಿ ಬರೆದು ಭಕ್ಷ್ಯ, ಪಾನಕ, ಅನ್ನ, ಶಾಕಗಳ ಪಾಕಕ್ರಮವನ್ನು ವಿವರಿಸಿದನು. ಕೆಳದಿಯ ಬಸವಪ್ಪ ನಾಯಕನು 1709ರಲ್ಲಿ ಮುಗಿಸಿದ ಶಿವತತ್ತ್ವರತ್ನಾಕರದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಾನವುಂಟು. ಇವೆಲ್ಲವೂ ಪಾತ್ರೆಯೊಳಕ್ಕೆ ಏನು ಹೋಯಿತೆಂಬುದನ್ನು ಹೇಳುವ ಗ್ರಂಥಗಳು. ಉಂಡು ಕೈ ತೊಳೆದ ಮೇಲೆ ಪಾತ್ರೆಯ ತಳದಲ್ಲಿ ಏನು ಉಳಿಯಿತು, ಉಳಿದುದು ಏನಾಯಿತು, ಅದನ್ನು ಯಾರು ಉಂಡರು ಎಂಬುದು ಅವುಗಳ ವಿಷಯವಲ್ಲ. ರಾಜನಿಗೆ ಆ ಚಿಂತೆ ಬೇಕಾಗಿಯೂ ಇರಲಿಲ್ಲ. ಆದರೆ ಸಾವಿರ ವರ್ಷಗಳಿಂದ ಕನ್ನಡನಾಡಿನ ಗೃಹಿಣಿಯ ಬುದ್ಧಿಯ ಬಹುಭಾಗವು ವೆಚ್ಚವಾಗಿರುವುದು ಈ ಪ್ರಶ್ನೆಗಳ ಮೇಲೆಯೇ.

ತಂಗಳು ಎಂಬ ಶಬ್ದವೇ ಹಳೆಯದು. ತಣ್ ಎಂದರೆ ತಂಪು, ಕೂಳ್ ಎಂದರೆ ಅನ್ನ. ತಣ್ಣಗಾದ ಕೂಳು ತಂಗಳು ಎಂದು ಅದನ್ನು ಬಿಡಿಸುವುದುಂಟು. ಇದರಲ್ಲಿ ನಿಂದೆಯ ಅರ್ಥವು ಮೊದಲಿಗೆ ಇರಲಿಲ್ಲವೆಂಬುದನ್ನು ಗಮನಿಸಬೇಕು. ಹಳಸಿದುದು ಬೇರೆ, ತಂಗಳು ಬೇರೆ. ಹಳಸಿದ ಅನ್ನವನ್ನು ಚೆಲ್ಲಬೇಕು, ತಂಗಳನ್ನು ಉಣ್ಣಬಹುದು. ಈ ಎರಡರ ನಡುವಿನ ಗೆರೆಯನ್ನು ಮೂಗಿನಿಂದಲೂ ಬೆರಳಿನಿಂದಲೂ ತಿಳಿಯಬಲ್ಲವಳೇ ಮನೆವಾರ್ತೆ ಬಲ್ಲವಳೆನಿಸುತ್ತಿದ್ದಳು. ಕನ್ನಡಿಗರ ತಂಗಳಿನಂತೆ ತೆಲುಗರಿಗೆ ಚದ್ದಿಅನ್ನ, ಮಲೆಯಾಳಿಗಳಿಗೆ ಪಳಂಕಂಜಿ, ಉತ್ಕಲದವರಿಗೆ ಪಖಾಳ, ವಂಗದವರಿಗೆ ಪಾಂತಾಭಾತ. ಪುರಿಯ ಜಗನ್ನಾಥನಿಗೆ ಪಖಾಳದ ನೈವೇದ್ಯವೂ ಸಲ್ಲುವುದು. ಗುಜರಾತ ರಾಜಪುತ್ರಸ್ಥಾನಗಳಲ್ಲಿ ಶೀತಲಾದೇವಿಯ ವ್ರತದಂದು ಒಲೆಯನ್ನೇ ಹೊತ್ತಿಸದೆ ಹಿಂದಿನ ದಿನದ ಅಡಿಗೆಯನ್ನು ಉಣ್ಣುವರು. ಹೀಗಿರುವಲ್ಲಿ ತಂಗಳು ಕೇವಲ ದಾರಿದ್ರ್ಯದ ಗುರುತೆಂದು ತಿಳಿಯುವುದು ಅವಿಚಾರ.

ಈ ವಿಷಯಕ್ಕೆ ಪಾಕಗ್ರಂಥಗಳಲ್ಲಿ ಸಿಕ್ಕದ ಆಧಾರವು ಧರ್ಮಶಾಸ್ತ್ರದಲ್ಲಿ ಸಿಕ್ಕುವುದು. ರಾತ್ರಿ ಕಳೆದ ಅನ್ನಕ್ಕೆ ಶಾಸ್ತ್ರಕಾರರ ಹೆಸರು ಪರ್ಯುಷಿತ. ಅದು ನಿಷಿದ್ಧ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯವು ಪರ್ಯುಷಿತವನ್ನು ತಾಮಸರಿಗೆ ಪ್ರಿಯವಾದ ಆಹಾರಗಳಲ್ಲಿ ಎಣಿಸಿರುವುದು. ಇಷ್ಟನ್ನು ಎಲ್ಲರೂ ಬಲ್ಲರು. ಆದರೆ ಸ್ಮೃತಿಕಾರರು ನಿಷೇಧವನ್ನು ಹೇಳಿ ಅಲ್ಲಿಗೇ ನಿಲ್ಲಲಿಲ್ಲ. ಮನೆ ನಡೆಸುವವರ ಕಷ್ಟವನ್ನು ಅವರು ಬಲ್ಲವರಾಗಿದ್ದರು. ಎಣ್ಣೆ ಅಥವಾ ತುಪ್ಪದ ಜಿಡ್ಡು ತಗುಲಿದ ಅನ್ನವು ಬಹುಕಾಲ ಇದ್ದರೂ ಭೋಜ್ಯವೆಂದು ಯಾಜ್ಞವಲ್ಕ್ಯನು ವಿಧಿಸಿದನು. ಗೋಧಿ, ಜವೆ, ಹಾಲು ಇವುಗಳಿಂದಾದ ಪದಾರ್ಥಗಳಿಗೆ ಜಿಡ್ಡೂ ಬೇಡವೆಂದನು. ಮನುವಿನ ಐದನೆಯ ಅಧ್ಯಾಯದಲ್ಲಿಯೂ ಇದೇ ವ್ಯವಸ್ಥೆಯುಂಟು. ಅಲ್ಲಿಯೇ, ಹುಳಿತ ಪದಾರ್ಥಗಳೆಲ್ಲ ವರ್ಜ್ಯವೆಂದು ಹೇಳಿದ ಬಳಿಕ, ಮೊಸರು ಮತ್ತು ಮೊಸರಿನಿಂದಾದುದು ವರ್ಜ್ಯವಲ್ಲ, ಒಳ್ಳೆಯ ಹೂವು ಬೇರು ಹಣ್ಣುಗಳಿಂದ ಹುಳಿಯಿಸಿದುದೂ ವರ್ಜ್ಯವಲ್ಲ ಎಂಬ ಅಪವಾದವನ್ನು ಸೇರಿಸಿರುವನು.

ಯಾಜ್ಞವಲ್ಕ್ಯನ ಈ ಸ್ಮೃತಿಗೆ ಮಿತಾಕ್ಷರಾ ಎಂಬ ಸುಪ್ರಸಿದ್ಧ ವ್ಯಾಖ್ಯಾನವು ಹುಟ್ಟಿದುದು ಕನ್ನಡನಾಡಿನಲ್ಲಿ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರವರೆಗಿನ ಅವಧಿಯಲ್ಲಿ, ವಿಜ್ಞಾನೇಶ್ವರನು ಕಲ್ಯಾಣನಗರದಲ್ಲಿದ್ದುಕೊಂಡು ಅದನ್ನು ಬರೆದನು. ದಾಯಭಾಗದ ವಿಚಾರದಲ್ಲಿ ನ್ಯಾಯಸ್ಥಾನಗಳು ಶತಮಾನಗಳ ಕಾಲ ಮಿತಾಕ್ಷರೆಯನ್ನು ಎತ್ತಿಹಿಡಿದುದು ಎಲ್ಲರಿಗೂ ತಿಳಿದಿರುವುದು. ಅದೇ ಗ್ರಂಥದ ಆಚಾರಾಧ್ಯಾಯವು ಮನೆಯೊಳಗಿನ ಗಡಿಗೆಗೂ ನ್ಯಾಯ ಹೇಳುವುದೆಂಬುದು ಅಷ್ಟಾಗಿ ತಿಳಿಯದು.

ಈ ಅಪವಾದಗಳ ಪಟ್ಟಿಯಲ್ಲಿ ಅಕ್ಕಿಯ ಹೆಸರಿಲ್ಲ. ಗೋಧಿಗೆ, ಜವೆಗೆ ಇರುವ ವಿನಾಯಿತಿ ಅಕ್ಕಿಗೆ ಇಲ್ಲ. ಅನ್ನವನ್ನುಣ್ಣುವ ನಾಡಿನಲ್ಲಿ ಇದು ಸಣ್ಣ ತೊಡಕಲ್ಲ. ಹೊರಬರಲು ಇದ್ದ ದಾರಿಗಳು ಎರಡೇ: ಒಂದು ಎಣ್ಣೆ, ಇನ್ನೊಂದು ಮೊಸರು. ಕನ್ನಡಿಗರ ಅಡಿಗೆಮನೆಯಲ್ಲಿ ಮಿಕ್ಕ ಅನ್ನಕ್ಕೆ ಆಗುವ ಸಂಸ್ಕಾರಗಳನ್ನು ನೋಡಿದರೆ ಅವೂ ಎರಡೇ ಎಂಬುದು ಆಶ್ಚರ್ಯಕರವಾಗಿದೆ. ಒಗ್ಗರಣೆ ಹಾಕಿ ನಿಂಬೆಯ ಹುಳಿಯನ್ನೋ ಮಾವಿನ ತುರಿಯನ್ನೋ ಬೆರಸಿದರೆ ಚಿತ್ರಾನ್ನ. ಹುಣಿಸೆಯ ಗೊಜ್ಜನ್ನು ಎಣ್ಣೆಯಲ್ಲಿ ಕುದಿಸಿ ಕಲಸಿದರೆ ಪುಳಿಯೋಗರೆ. ಹಾಲು ಹೊಯ್ದು ಹೆಪ್ಪಿನ ಮೊಸರು ಕಲಸಿ ಕಟ್ಟಿದರೆ ಬುತ್ತಿ. ಶಾಸ್ತ್ರವನ್ನು ಓದಿ ಈ ಅಡಿಗೆಗಳನ್ನು ಯಾರೋ ಕಲ್ಪಿಸಿದರೆಂದು ಹೇಳಲಾಗದು. ಅಡಿಗೆಯೇ ಮೊದಲು, ಅದನ್ನು ಕಂಡು ಶಾಸ್ತ್ರವು ಒಪ್ಪಿಗೆ ಕೊಟ್ಟಿತೆಂದರೂ ಹೊಂದುವುದು. ಒಟ್ಟಿನಲ್ಲಿ ಒಲೆಯೂ ಸ್ಮೃತಿಯೂ ಒಂದೇ ಅನುಭವದಿಂದ ಮಾತನಾಡುತ್ತಿರುವುವು.

ಆ ಅನುಭವವು ಸುಳ್ಳಲ್ಲವೆಂದು ಈಗಿನ ವಿಜ್ಞಾನವೂ ಹೇಳುವುದು. ಬೆಂದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಯುವ ನೀರಿನಲ್ಲಿಯೂ ಸಾಯುವುದಿಲ್ಲ. ಅನ್ನವನ್ನು ಬೆಚ್ಚಗೆ ಮುಚ್ಚಿಟ್ಟರೆ ಅವು ಮೊಳೆತು ವಿಷವನ್ನು ಕಾರುವುವು. ಆ ವಿಷವು ಮತ್ತೆ ಬಿಸಿಮಾಡಿದರೂ ಹೋಗುವುದಿಲ್ಲ. ನೀರು ಹಾಕಿ ತಣಿಸಿದ, ಮಜ್ಜಿಗೆಯಿಂದ ಹುಳಿಯೇರಿದ ಅನ್ನದಲ್ಲಿ ಅವುಗಳ ಆಟವು ಕಡಿಮೆ. ಹುರಿದ, ಜಿಡ್ಡು ಹಿಡಿದು ಒಣಗಿದ ತಿಂಡಿಗಳು ಬಾಳುವುದಕ್ಕೆ ಕಾರಣ ಅವುಗಳಲ್ಲಿ ನೀರಿನಂಶವು ಕಡಿಮೆಯಾಗಿರುವುದು. ಆದುದರಿಂದ ರಾತ್ರಿಯ ಬಿಸಿ ಅನ್ನವನ್ನು ಹಾಗೆಯೇ ಮುಚ್ಚಿಡದೆ ತಣ್ಣೀರು ಸುರಿದಿಡುತ್ತಿದ್ದ ಹಿಂದಿನವರ ಪದ್ಧತಿಯು ಕೇವಲ ರೂಢಿಯಾಗಿರಲಿಲ್ಲ. ಬೇಸಗೆಯಲ್ಲಿ ಆ ನೀರೇ ಬೆಳಗಿನ ಪಾನವೂ ಆಗುತ್ತಿತ್ತು.

ಅಕ್ಕಿಯ ಮಾತು ಇಷ್ಟಾಯಿತು. ಆದರೆ ಮೈಸೂರು ಸೀಮೆಯ ಬಯಲಿನಲ್ಲಿ ಅಕ್ಕಿಯು ಬಹುಜನರಿಗೆ ಹಬ್ಬದ ಊಟವಾಗಿತ್ತು. ನಿತ್ಯದ ಊಟ ರಾಗಿಯಾಗಿತ್ತು. ಶ್ರೀರಂಗಪಟ್ಟಣವು ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ನನು ಸರ್ಕಾರದ ಆಜ್ಞೆಯ ಮೇಲೆ ಈ ಸೀಮೆಯಲ್ಲಿ ಸಂಚರಿಸಿ, ಬೆದ್ದಲು ಭೂಮಿಯ ಬೆಳೆಗಳಲ್ಲಿ ರಾಗಿಯೇ ಮುಖ್ಯವೆಂದೂ ಸಾಮಾನ್ಯ ಜನರ ಆಹಾರವು ಅದೇ ಎಂದೂ ಬರೆದಿಟ್ಟನು. ರಾಗಿಯ ಮುಖ್ಯ ಗುಣ ರುಚಿಯಲ್ಲ, ಬಾಳಿಕೆ. ಕಾಳು ಸಣ್ಣದು, ಗಟ್ಟಿ. ಹುಳು ಸುಲಭವಾಗಿ ಹಿಡಿಯದು. ನೀರು ಇಂಗದ ಗಟ್ಟಿ ನೆಲದಲ್ಲಿ ಹಗೇವು ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ಅದು ವರ್ಷಗಟ್ಟಲೆ ಕೆಡದೆ ಇರುವುದು. ಕನಕದಾಸರು ರಾಮಧಾನ್ಯಚರಿತ್ರೆಯಲ್ಲಿ ಭತ್ತಕ್ಕೂ ರಾಗಿಗೂ ವಾದವನ್ನು ಹೂಡಿ, ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸಿದನೆಂದು ಕಥೆ ಕಟ್ಟಿದರು. ಸೆರೆ ಬಿಟ್ಟಾಗ ಭತ್ತವು ಸೊರಗಿತ್ತು, ರಾಗಿಯು ಹಾಗೆಯೇ ಇತ್ತು. ಇದನ್ನು ಕುಲದ ಹೆಮ್ಮೆಯನ್ನು ಮುರಿಯುವ ಅನ್ಯೋಕ್ತಿಯೆಂದು ವಿದ್ವಾಂಸರು ವಿವರಿಸುವರು, ಅದು ಸರಿಯೇ. ಆದರೆ ಹಗೇವು ಕಂಡವನಲ್ಲದೆ ಇನ್ನೊಬ್ಬನಿಗೆ ಇಂತಹ ಪರೀಕ್ಷೆಯು ತೋಚುತ್ತಿರಲಿಲ್ಲ.

ಮಿಕ್ಕ ಮುದ್ದೆಯನ್ನು ಬೆಳಗ್ಗೆ ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ಮೆಣಸಿನಕಾಯಿ ಕಡಿದುಕೊಂಡು ಕುಡಿದು ಹೊಲಕ್ಕೆ ಹೋದವನಿಗೆ ಹೊತ್ತೇರುವವರೆಗೆ ಹಸಿವಿನ ಮಾತಿಲ್ಲ. ಹಿಟ್ಟು ಸಾಲದಿದ್ದರೆ ಮುದ್ದೆಯು ಅಂಬಲಿಯಾಗುವುದು; ಜನ ಹೆಚ್ಚಿದರೆ ಅಂಬಲಿಯು ತೆಳ್ಳಗಾಗುವುದು. ಒಂದೇ ಗಡಿಗೆಯಿಂದ ಎರಡು ಪದಾರ್ಥಗಳನ್ನು ತೆಗೆಯುವ ಜಾಣ್ಮೆಯೂ ಈ ಸೀಮೆಯದೇ. ಸೊಪ್ಪನ್ನೂ ಕಾಳನ್ನೂ ಬೇಯಿಸಿ ಬಸಿದರೆ, ಬಸಿದ ನೀರು ಬಸ್ಸಾರು, ಉಳಿದುದು ಪಲ್ಯ. ಹೋಳಿಗೆಯ ಹೂರಣಕ್ಕೆಂದು ಬೇಳೆ ಬೇಯಿಸಿದ ಕಟ್ಟನ್ನು ಚೆಲ್ಲದೆ ಮಾಡಿದುದು ಕಟ್ಟಿನ ಸಾರು. ಈಗ ಹೋಳಿಗೆಗಿಂತ ಆ ಸಾರಿಗಾಗಿಯೇ ಹಬ್ಬವನ್ನು ಕಾಯುವವರುಂಟು. ಮಾರನೆಯ ದಿನ ಅದು ಇನ್ನೂ ರುಚಿಯೆಂಬುದರಲ್ಲಿ ಮತಭೇದವಿಲ್ಲ.

ಉತ್ತರದ ಎರೆಯ ಭೂಮಿಯಲ್ಲಿ ಜೋಳ. ತೆಳ್ಳಗೆ ಬಡಿದು ಒಣಗಿಸಿದ ಕಟಕ ರೊಟ್ಟಿಯು ವಾರಗಟ್ಟಲೆ ಇರುವುದು. ಮಿಕ್ಕ ಮೆತ್ತನೆಯ ರೊಟ್ಟಿಯನ್ನು ಮುರಿದು ಒಗ್ಗರಣೆಗೆ ಹಾಕುವರು. ನುಚ್ಚನ್ನು ಬೇಯಿಸಿ ಮಜ್ಜಿಗೆಯೊಡನೆ ಉಣ್ಣುವರು.

ಮಲೆನಾಡು ಮತ್ತು ಕರಾವಳಿಯ ಪ್ರಶ್ನೆಯೇ ಬೇರೆ. ಅಲ್ಲಿ ಬೇಸಗೆಯಲ್ಲಿ ಹಲಸು ಮಾವುಗಳು ಕೊಳೆತು ಬೀಳುವಷ್ಟು. ಆಷಾಢದಲ್ಲಿ ಹೊರಕ್ಕೆ ಕಾಲಿಡಲಾಗದ ಮಳೆ, ಬರಿದಾದ ತರಕಾರಿಯ ಬುಟ್ಟಿ. ಆದುದರಿಂದ ಅಲ್ಲಿಯ ಮಿತವ್ಯಯವೆಂದರೆ ಒಂದು ಋತುವಿನ ಮಿಗತೆಯನ್ನು ಇನ್ನೊಂದು ಋತುವಿಗೆ ಸಾಗಿಸುವುದು. ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಡುವರು, ಹಪ್ಪಳ ಮಾಡುವರು. ಬೀಜವನ್ನು ಮಣ್ಣು ಸವರಿ ಕಾಪಿಡುವರು. ಮಾವಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಒಣಗಿಸಿ ಮಾಂಬಳ ಮಾಡುವರು. ಬಾಳೆಯ ಗಿಡದಲ್ಲಿ ಕಾಯಿ, ಹೂವು, ದಿಂಡು ಮೂರೂ ಅಡಿಗೆಗೆ; ಎಲೆಯು ಊಟಕ್ಕೆ; ನಾರು ಹೂಮಾಲೆಗೆ. ಹೀರೇಕಾಯಿಯ ಸಿಪ್ಪೆಯಿಂದ ಚಟ್ನಿ, ಗಿಡದ ಚಿಗುರಿನಿಂದ ತಂಬುಳಿ. ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆ, ತೌಡು ಇವು ಸೇರಿದ ಅಕ್ಕಚ್ಚು ಕೊಟ್ಟಿಗೆಗೆ ಹೋಗಿ ಹಾಲಾಗಿ ಮನೆಗೆ ಹಿಂದಿರುಗುವುದು. ಬಯಲುಸೀಮೆಯವರು ಇದನ್ನೇ ಕಲಗಚ್ಚು ಎನ್ನುವರು. ಕೊಟ್ಟಿಗೆಯಿಲ್ಲದ ಇಂದಿನ ಪಟ್ಟಣದ ಮನೆಗಳಲ್ಲಿ ಈ ಚಕ್ರದ ಅರ್ಧವು ಕಡಿದುಹೋಗಿರುವುದು. ಮಿಕ್ಕುದೆಲ್ಲ ಕಸದ ಬುಟ್ಟಿಗೆ ಬೀಳಲು ಆಲಸ್ಯವೊಂದೇ ಕಾರಣವಲ್ಲ.

ಇಷ್ಟರವರೆಗೆ ಹೇಳಿದುದು ಪದಾರ್ಥಗಳ ವಿಷಯ. ಉಳಿದ ಪ್ರಶ್ನೆ, ಮಿಕ್ಕುದನ್ನು ಉಂಡವರು ಯಾರು?

ಮನುವು ಮೂರನೆಯ ಅಧ್ಯಾಯದಲ್ಲಿ ಒಂದು ಕ್ರಮವನ್ನು ಹೇಳಿರುವನು. ಅತಿಥಿಗಳಾದ ವಿಪ್ರರು, ತನ್ನವರು, ಭೃತ್ಯರು ಇವರೆಲ್ಲರೂ ಉಂಡ ಮೇಲೆ ಉಳಿದುದನ್ನು ದಂಪತಿಗಳು ಉಣ್ಣಬೇಕು. ದಂಪತಿಗಳು ಎಂಬ ದ್ವಿವಚನವನ್ನು ಗಮನಿಸಬೇಕು. ಗಂಡಹೆಂಡಿರಿಬ್ಬರೂ ಕಡೆಗೆ ಉಣ್ಣತಕ್ಕವರು. ಆಪಸ್ತಂಬನ ಧರ್ಮಸೂತ್ರವು ಇನ್ನೂ ಖಂಡಿತವಾಗಿ ಮಾತನಾಡುವುದು. ಕೊರತೆ ಬಂದಾಗ ಯಜಮಾನನು ತನ್ನ ಊಟವನ್ನು, ಹೆಂಡತಿಯ ಊಟವನ್ನು, ಮಗನ ಊಟವನ್ನು ಬೇಕಾದರೆ ತಡೆಯಲಿ. ದುಡಿಯುವ ಆಳಿನ ಊಟವನ್ನು ಮಾತ್ರ ತಡೆಯಕೂಡದು ಎಂಬುದು ಅದರ ಅಭಿಪ್ರಾಯ. ಈ ಸೂತ್ರವನ್ನು ತಮ್ಮದೆಂದು ಹೇಳಿಕೊಳ್ಳುವ ಮನೆತನಗಳು ದಕ್ಷಿಣದೇಶದಲ್ಲಿ ಅಸಂಖ್ಯಾತವಾಗಿವೆ.

ಆಚಾರವು ಹೇಗಿತ್ತು? ದ್ವಿವಚನವು ಏಕವಚನವಾಯಿತು. ಗಂಡನು ಮೊದಲ ಪಂಕ್ತಿಗೆ ಎದ್ದುಹೋದನು. ಉಳಿದುದನ್ನು ಉಣ್ಣುವ ಧರ್ಮವು ಹೆಂಡತಿಯೊಬ್ಬಳ ಪಾಲಿಗೆ ಬಂದಿತು. ಮನೆಯಲ್ಲಿ ಅತ್ತೆಯಿದ್ದರೆ ಅದು ಸೊಸೆಯ ಪಾಲಾಯಿತು. ಎಲ್ಲರೂ ಬಿಸಿಯನ್ನು ಉಂಡ ಮೇಲೆ ಪಾತ್ರೆಯ ತಳವನ್ನು ಕೆರೆದು, ಸಾರಿನ ಗಸಿಗೆ ನೀರು ಬೆರಸಿ ಉಂಡವಳು ಅವಳು. ನಿನ್ನೆಯದು ಕೆಡಬಾರದೆಂದು ಇಂದಿನ ಹೊಸ ಅಡಿಗೆಯನ್ನು ಇತರರಿಗೆ ಬಿಟ್ಟವಳೂ ಅವಳೇ. ಇದನ್ನು ಮಿತವ್ಯಯವೆಂದು ಕರೆದು ಕೊಂಡಾಡಿದವರು ಬಹಳ. ಅವಳ ಎಲೆಯಲ್ಲಿ ಏನಿತ್ತೆಂದು ನೋಡಿದವರು ಕಡಿಮೆ. ಭಾರತದ ವನಪರ್ವದಲ್ಲಿ ಸೂರ್ಯನಿತ್ತ ಪಾತ್ರೆಯು ದ್ರೌಪದಿಯು ಉಣ್ಣುವವರೆಗೂ ಬರಿದಾಗದು. ದೂರ್ವಾಸನು ಶಿಷ್ಯಸಮೇತನಾಗಿ ಬಂದುದು ಅವಳು ಉಂಡ ಮೇಲೆ. ಪಾತ್ರೆಗೆ ಅಂಟಿದ ಸೊಪ್ಪಿನ ಚೂರೊಂದನ್ನು ಕೃಷ್ಣನು ಬಾಯಿಗೆ ಹಾಕಿಕೊಂಡಾಗ ಅವರೆಲ್ಲರ ಹಸಿವು ಅಡಗಿತು. ದೂರ್ವಾಸನ ಪ್ರಸಂಗವು ಪುಣೆಯ ಸಂಶೋಧಿತ ಪಾಠದಲ್ಲಿ ಮೂಲಕ್ಕೆ ಸೇರಿಲ್ಲ, ಹಿಂದಿನಿಂದ ಬಂದುದು. ಬಂದುದಾದರೂ ಅದನ್ನು ಸೇರಿಸಿದವನು ಅಡಿಗೆಮನೆಯನ್ನು ಬಲ್ಲವನು. ಎಲ್ಲರಿಗೂ ಬಡಿಸಿ ಕಡೆಗೆ ಉಣ್ಣುವವಳ ಊಟವು ಮುಗಿಯುವುದೇ ಮನೆಯ ಅನ್ನದ ಕೊನೆಯೆಂಬುದನ್ನು ಅವನು ಕಂಡಿದ್ದನು.

ಆಳಿನ ವಿಷಯದಲ್ಲಿ ಆಪಸ್ತಂಬನ ಮಾತು ನಡೆಯಲಿಲ್ಲ. ಮನುವಿನ ಹತ್ತನೆಯ ಅಧ್ಯಾಯದ ಮಾತು ನಡೆಯಿತು. ಉಂಡು ಬಿಟ್ಟ ಅನ್ನವನ್ನೂ, ಹಳೆಯ ಬಟ್ಟೆಯನ್ನೂ, ಧಾನ್ಯದ ಜೊಳ್ಳನ್ನೂ ಸೇವಕನಾದ ಶೂದ್ರನಿಗೆ ಕೊಡಬೇಕೆಂಬುದು ಅಲ್ಲಿಯ ವಿಧಿ. ಹಿತ್ತಿಲ ಬಾಗಿಲಲ್ಲಿ ತಂಗಳಿಗಾಗಿ ಕಾದು ನಿಂತವರ ಸಾಲು ಹಳ್ಳಿಗಳಲ್ಲಿ ತಲೆತಲಾಂತರದಿಂದ ಬಂದುದು. ತಾವು ಪರ್ಯುಷಿತವೆಂದು ಮುಟ್ಟದುದನ್ನು ಇನ್ನೊಬ್ಬರಿಗೆ ಕೊಟ್ಟು ದಾನವೆಂದುಕೊಂಡ ಮನೆಗಳಲ್ಲಿ ಮಡಿಯೂ ಉಳಿಯಿತು, ಅನ್ನವೂ ಉಳಿಯಿತು. ಧರ್ಮವು ಉಳಿಯಿತೇ ಎಂಬುದನ್ನು ಆಪಸ್ತಂಬನನ್ನು ಕೇಳಬೇಕು.

ವಿಜ್ಞಾನೇಶ್ವರನಿದ್ದ ಕಲ್ಯಾಣದಲ್ಲಿಯೇ, ಅವನಿಂದ ಒಂದೆರಡು ತಲೆಮಾರು ಈಚೆಗೆ, ಇದಕ್ಕೆ ಬೇರೊಂದು ಉತ್ತರವು ಹುಟ್ಟಿತು. ಆಯ್ದಕ್ಕಿ ಮಾರಯ್ಯನೆಂಬ ಶರಣನ ಕಾಯಕವು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು. ಕಾಲಡಿಗೆ ಬಿದ್ದು ಮಣ್ಣಾಗಬೇಕಾದ ಕಾಳು ಅವನ ಕೈಯಲ್ಲಿ ದಾಸೋಹದ ಅನ್ನವಾಗುತ್ತಿತ್ತು. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಹೆಂಡತಿಯಾದ ಲಕ್ಕಮ್ಮನು ಅದನ್ನು ಒಪ್ಪದೆ, ಹೆಚ್ಚಾದುದನ್ನು ಬಿದ್ದಲ್ಲಿಗೇ ಸುರಿದು ಬರುವಂತೆ ಹಿಂದಕ್ಕೆ ಕಳುಹಿದಳೆಂದು ಶರಣರ ಕಥೆಗಳು ಹೇಳುವುವು. ಕಥೆಯ ಹೊರನೋಟಕ್ಕೆ ಇದು ಉಳಿತಾಯಕ್ಕೆ ವಿರುದ್ಧವಾಗಿ ಕಾಣುವುದು. ಕೈಗೆ ಬಂದ ಅಕ್ಕಿಯನ್ನು ನೆಲಕ್ಕೆ ಸುರಿಯುವುದೇ? ಆದರೆ ಮಿಕ್ಕುದನ್ನು ಬಳಸುವುದು ಬೇರೆ, ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಡುವುದು ಬೇರೆ ಎಂಬ ವಿವೇಕವನ್ನು ಇಲ್ಲಿ ನುಡಿದವಳು ಗೃಹಿಣಿ. ಮನೆಗೆ ಎಷ್ಟು ಬೇಕೆಂಬ ಅಳತೆಯು ಅವಳಲ್ಲಿತ್ತು. ಮಿಕ್ಕುದನ್ನು ಆಯ್ದವನು ಗಂಡ, ಅಳತೆಯನ್ನು ನಿಶ್ಚಯಿಸಿದವಳು ಹೆಂಡತಿ. ಮನುವಿನ ದ್ವಿವಚನವು ನಿಜವಾದುದು ಈ ಬಡ ಮನೆಯಲ್ಲಿ.

ಮಿತವ್ಯಯಕ್ಕೂ ಒಂದು ಮೇರೆಯುಂಟೆಂಬುದನ್ನು ಕನ್ನಡನಾಡು ಧಾತು ಸಂವತ್ಸರದಲ್ಲಿ ಕಂಡಿತು. 1876ರಲ್ಲಿ ಮಳೆಯು ತಪ್ಪಿತು. ಮುಂದಿನ ಈಶ್ವರ ಸಂವತ್ಸರದಲ್ಲಿಯೂ ಕ್ಷಾಮವು ಬಿಡಲಿಲ್ಲ. ಹಗೇವುಗಳು ಬರಿದಾದುವು. ಅಂಬಲಿಯನ್ನು ತೆಳ್ಳಗೆ ಮಾಡಬಲ್ಲ ಕೈಗಳಿದ್ದುವು, ತೆಳ್ಳಗೆ ಮಾಡಲು ಹಿಟ್ಟಿರಲಿಲ್ಲ. ಜನರು ಕಾಡಿನ ಗೆಡ್ಡೆಗೆಣಸುಗಳನ್ನು ಅಗೆದು ತಿಂದರು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷದಷ್ಟಕ್ಕೆ ಇಳಿದಿತ್ತು. ಪಕ್ಕದ ಮದ್ರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯ ಕಡೆಯೂ ಹಾಹಾಕಾರವೆದ್ದಿತು. 1877ರ ಆರಂಭದಲ್ಲಿ ಸರ್ ರಿಚರ್ಡ್ ಟೆಂಪಲನು ಸರ್ಕಾರದ ವೆಚ್ಚವನ್ನು ಉಳಿಸುವುದಕ್ಕಾಗಿ, ಕ್ಷಾಮಕಾರ್ಯಗಳಲ್ಲಿ ದುಡಿಯುವವನಿಗೆ ದಿನವೊಂದಕ್ಕೆ ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯವೂ ಅದರ ಮೇಲೆ ಚಿಲ್ಲರೆ ಕಾಸೂ ಸಾಕೆಂದು ಗೊತ್ತುಮಾಡಿದನು. ಇಷ್ಟರಲ್ಲಿ ಕಲ್ಲು ಹೊರುವವನು ಬದುಕಲಾರನೆಂದು ಮದ್ರಾಸಿನ ಆರೋಗ್ಯಾಧಿಕಾರಿಯಾದ ಡಾಕ್ಟರ್ ಕಾರ್ನಿಷನು ಬಲವಾಗಿ ವಾದಿಸಿದನು; ಕೆಲವು ತಿಂಗಳ ಮೇಲೆ ಪ್ರಮಾಣವು ಏರಿತು. ಅಷ್ಟರಲ್ಲಿ ಸತ್ತವರು ಸತ್ತಿದ್ದರು. ಗೃಹಿಣಿಯು ತನ್ನ ಪಾಲನ್ನು ಕುಗ್ಗಿಸಿ ಮನೆಯನ್ನು ಉಳಿಸುವುದು ಒಂದು. ಉಣ್ಣದವರ ಪಾಲನ್ನು ಕುಗ್ಗಿಸಿ ಬೊಕ್ಕಸವನ್ನು ಉಳಿಸುವುದು ಇನ್ನೊಂದು. ಎರಡಕ್ಕೂ ಉಳಿತಾಯವೆಂಬ ಒಂದೇ ಹೆಸರು ಇರುವುದು ಭಾಷೆಯ ದೋಷ.

ಆ ಒಂದು ಪೌಂಡಿನ ಅಳತೆಯು ಎರಡನೆಯ ಮಹಾಯುದ್ಧದಲ್ಲಿ ಮತ್ತೆ ಬಂದಿತು. 1942ರಲ್ಲಿ ಬರ್ಮಾ ದೇಶವು ಜಪಾನರ ವಶವಾಗಿ ಅಲ್ಲಿಯ ಅಕ್ಕಿಯು ನಿಂತಿತು. 1943ರಲ್ಲಿ ವಂಗದೇಶವು ಕ್ಷಾಮಕ್ಕೆ ತುತ್ತಾಯಿತು. ಪಟ್ಟಣಗಳಲ್ಲಿ ರೇಷನ್ ಪದ್ಧತಿಯು ಹಬ್ಬಿತು. ವಯಸ್ಕನಿಗೆ ದಿನಕ್ಕೊಂದು ಪೌಂಡು ಧಾನ್ಯವೆಂದು ಆ ವರ್ಷದ ಆಹಾರಧಾನ್ಯ ಸಮಿತಿಯು ಸಲಹೆಯಿತ್ತಿತು. 1946ರಲ್ಲಿ ಅದು ಹನ್ನೆರಡು ಔನ್ಸಿಗೆ, ಅಂದರೆ ಸುಮಾರು 340 ಗ್ರಾಮಿಗೆ ಇಳಿಯಿತು. 1947ರ ಡಿಸೆಂಬರಿನಲ್ಲಿ ನಿಯಂತ್ರಣವನ್ನು ಸಡಿಲಿಸಿದರು, ಬೆಲೆಗಳು ಏರಲು ಮರುವರ್ಷ ಮತ್ತೆ ಬಿಗಿದರು. ಅಕ್ಕಿಯನ್ನುಣ್ಣುತ್ತಿದ್ದ ಮನೆಗಳಿಗೆ ಜೋಳವೂ ಗೋಧಿಯೂ ಬಂದುವು. ಗೋಧಿಯನ್ನು ಏನು ಮಾಡಬೇಕೆಂದು ತೋಚದ ಗೃಹಿಣಿಯರು ಅದನ್ನು ನುಚ್ಚಾಗಿ ಒಡೆಸಿ ಅನ್ನದಂತೆ ಬೇಯಿಸಿದರು, ಬಳಿಕ ರೊಟ್ಟಿಯನ್ನು ಕಲಿತರು. ರಾತ್ರಿಯ ಗೋಧಿರೊಟ್ಟಿಯನ್ನು ಬೆಳಗ್ಗೆ ಉಣ್ಣಲು ಯಾಜ್ಞವಲ್ಕ್ಯನ ಅಪ್ಪಣೆ ಇದ್ದೇ ಇದ್ದಿತು. ಅದನ್ನು ಯಾರೂ ಸ್ಮರಿಸಿದಂತೆ ಕಾಣುವುದಿಲ್ಲ.

ರೇಷನ್ ಕಾರ್ಡಿನಲ್ಲಿ ಒಂದು ವಿಶೇಷವಿತ್ತು. ಅದು ವಯಸ್ಕರನ್ನು ತಲೆ ಎಣಿಸಿ ಅಳೆಯುತ್ತಿತ್ತು. ಮೈಮುರಿದು ದುಡಿಯುವವರಿಗೆ ಸ್ವಲ್ಪ ಹೆಚ್ಚು, ಮಕ್ಕಳಿಗೆ ಕಡಿಮೆ, ಉಳಿದಂತೆ ಯಜಮಾನನಿಗೂ ಸೊಸೆಗೂ ಒಂದೇ ತೂಕ. ಮನೆಯ ಹೆಂಗಸಿನ ಪಾಲು ಇಷ್ಟು ಎಂದು ಕಾಗದದ ಮೇಲೆ ಬರೆದಿಟ್ಟ ಲೆಕ್ಕವು ಅದಕ್ಕೆ ಮೊದಲು ಬಹಳ ಮನೆಗಳಲ್ಲಿ ಇರಲಿಲ್ಲ. ಅಂಗಡಿಯ ತಕ್ಕಡಿಯಲ್ಲಿ ಸಮನಾಗಿ ತೂಗಿ ಬಂದ ಆ ಅಕ್ಕಿಯೆಲ್ಲವೂ ಮನೆಗೆ ಬಂದ ಮೇಲೆ ಒಂದೇ ಗಡಿಗೆಗೆ ಬಿದ್ದು ಬೆಂದಿತು. ಅಲ್ಲಿಂದ ಮುಂದೆ ಬಡಿಸುವ ಸೌಟು ಹಳೆಯ ಕ್ರಮದಲ್ಲಿಯೇ ನಡೆಯಿತು.